ನಾನು ನರ್ಸ್ ಆಗ್ತೇನಿ ಅಂದೆ, ಊರಿಗೆ ಜ್ವರ ಬಂತು

ಸಿಟ್ಟು ಬರಿಸುವ ಸಂಗತಿಗಳನ್ನು ಹುಡುಕಿಕೊಂಡು ನಾನು ಎಂದೂ ಹೋದವಳಲ್ಲ. ಅವೇ ನನ್ನ ಮನೆ ಕೇಳಿಕೊಂಡು ಬರುತ್ತವೆ. ಮೊನ್ನೆಯೂ ಒಬ್ಬರು ಬಂದಿದ್ದರು. ಓದಿದವರು, ಮೈಮೇಲೆ ಒಳ್ಳೆಯ ಕೋಟು. ನಾನು ಕೊಟ್ಟ ಚಹಾ ಕುಡಿದು, ಗೋಡೆಯ ಮೇಲೆ ಚೌಕಟ್ಟು ಹಾಕಿಸಿಟ್ಟ ನನ್ನ ಸನದು ನೋಡಿ, "ಅಲ್ರೀ ಅಕ್ಕಾರ, ನರ್ಸ್ ಆಗ್ಲಾಕ ಓದು ಬೇಕಾಗ್ತದೇನ್ರಿ? ಸೇವಾ ಮಾಡೋದು ಹೆಣ್ಣಮಕ್ಕಳಿಗಿ ಹುಟ್ಟುಗುಣ ಅಲ್ರೀ?" ಅಂದರು.

ಹುಟ್ಟುಗುಣವಂತೆ! ನಾನು ಹುಟ್ಟಿದ್ದು ಭಾಲ್ಕಿ ತಾಲೂಕಿನ ಹಲಬರ್ಗಾದ ಒಂದು ಒಕ್ಕಲುತನದ ಮನೆಯಲ್ಲಿ. ಹುಟ್ಟುವಾಗ ನನ್ನ ಬಾಯಲ್ಲಿ ಅಳು ಇತ್ತೇ ಹೊರತು ಕಂಕುಳಲ್ಲಿ ಥರ್ಮಾಮೀಟರ್ ಇರಲಿಲ್ಲ. ಹೆಣ್ಣು ಹುಡುಗಿ ಸಾಲಿಯ ಮೆಟ್ಟಿಲು ಹತ್ತಿದರೆ ಮಳೆ ನಿಂತೀತು ಅಂತ ಹಿರಿಯರು ಮುಗಿಲು ನೋಡುತ್ತಿದ್ದ ನಿಜಾಮರ ಕಾಲದಲ್ಲಿ, ಬೀದರಿನ ಒಂದು ಹೆಂಗಸರ ದವಾಖಾನೆಯಲ್ಲಿ ಮೂರು ವರ್ಷ ನಿಂತು, ಓಡಾಡಿ, ಅತ್ತು, ನಕ್ಕು, ಪರೀಕ್ಷೆ ಕೊಟ್ಟು ರಿಜಿಸ್ಟರ್ ನರ್ಸ್ ಆದವಳು ನಾನು. ಈಗಿನವರು ಡಿಗ್ರಿ ಅನ್ನುತ್ತಾರೆ, ಆಗ ನಾವು ಸನದು ಅನ್ನುತ್ತಿದ್ದೆವು. ಹೆಸರು ಬೇರೆ, ಅದಕ್ಕಾಗಿ ತಿನ್ನುವ ಬೈಗುಳ ಒಂದೇ. ಮನೆಗೆ ಬಂದು ಚಹಾ ಕುಡಿದವರನ್ನು ಬೈಯಬಾರದು ಅಂತ ನಮ್ಮವ್ವ ಕಲಿಸಿದ್ದರಿಂದ ಮೊನ್ನೆ ಸುಮ್ಮನಿದ್ದೆ. ಆ ಸಿಟ್ಟನ್ನೆಲ್ಲ ಇಲ್ಲಿ ಇಳಿಸುತ್ತೇನೆ.

ನಾನು ಯಾರಾಕಿ?

ನನಗೆ ಮದುವೆಯಾದಾಗ ನನ್ನ ಹಾಲುಹಲ್ಲು ಪೂರಾ ಬಿದ್ದಿರಲಿಲ್ಲ. ಗಂಡನ ಮನೆ ಔರಾದ. ಗಂಡನ ಮುಖ ಹೇಗಿತ್ತು ಅಂತ ನನ್ನನ್ನು ಕೇಳಬೇಡಿ; ಅದು ಬಾಸಿಂಗದ ಹಿಂದೆ ಇತ್ತು. ನಾನು ಆ ಮನೆಗೆ ಬಾಳಲು ಹೋಗುವ ಮೊದಲೇ ಆತ ಕಾಲರಾದಲ್ಲಿ ಹೋದ. ಮಾವ ಒಂದು ಮಾತು ಹೇಳಿ ಕಳಿಸಿದ: "ನಿಮ್ಮ ಹುಡುಗಿ ನಿಮಗಿರಲಿ." ಅಪ್ಪ ತೀರಿಕೊಂಡಿದ್ದ, ಮನೆಯ ಯಜಮಾನಿಕೆ ನಮ್ಮಣ್ಣನದು. ಅವನು ಹೇಳಿದ: "ಕೊಟ್ಟ ಹೆಣ್ಣು ಕುಲಕ್ಕ ಹೊರಗ." ಹೀಗೆ ನಾನು ಬದುವಿನ ಮೇಲಿನ ಹುಲ್ಲಿನಂತೆ ಬೆಳೆದೆ. ಈ ಹೊಲದವರೂ ನಮ್ಮದಲ್ಲ ಅಂದರು, ಆ ಹೊಲದವರೂ ನಮ್ಮದಲ್ಲ ಅಂದರು. ಕಡೆಗೆ ಬೀದರಿನ ನಮ್ಮ ಸೋದರಮಾವ ಕರೆದುಕೊಂಡು ಹೋಗಿ ಹೆಣ್ಣುಮಕ್ಕಳ ಸಾಲಿಗೆ ಹಾಕಿದ. ಉರ್ದುವಿನಲ್ಲಿ ಮಿಡ್ಲ್ ಪಾಸಾದೆ.

ನರ್ಸಿಂಗ್ ಕಲಿಸುತ್ತಾರಂತೆ, ಅರ್ಜಿ ಹಾಕು ಅಂತ ಹೇಳಿದವರು ನಮ್ಮ ಸಾಲಿಯ ಉಸ್ತಾನಿ, ಕಲಿಸುವ ಬಾಯಿ. ಒಂದೇ ತೊಡಕು: ಪಾಲಕರ ಒಪ್ಪಿಗೆ ಬೇಕು. ನನಗೆ ಪಾಲಕರೇ ಇಲ್ಲವಲ್ಲ ಅಂತ ಚಿಂತೆ ಹಚ್ಚಿಕೊಂಡು ಹಲಬರ್ಗಾಕ್ಕೆ ಬಂದೆ. ಎಂಥ ಹುಚ್ಚಿ ನಾನು! ಬೇಡ ಅನ್ನುವ ಹಕ್ಕು ಸಿಗುತ್ತದೆ ಅಂದಕೂಡಲೇ ಪಾಲಕರು ನೆಲದಿಂದ ಹುಟ್ಟುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.

ಅಣ್ಣ ಮೀಸೆ ತಿರುವಿ, "ನಮ್ಮ ಮನೆತನದ ಹೆಣ್ಣು ಮಂದಿ ಹೇಲುಚ್ಚಿ ಬಳೀಲಾಕ ಹೋಗೋದೇನು? ನಾ ಒಪ್ಪೋದಿಲ್ಲ" ಅಂದ. ಸುದ್ದಿ ಮುಟ್ಟಿ ಔರಾದದಿಂದ ಮಾವನೂ ಬಂಡಿ ಕಟ್ಟಿಸಿಕೊಂಡು ಬಂದ. ಬಂಡಿಯಿಂದ ಇಳಿಯುತ್ತಲೇ, "ನಿಂದೇನದಪ್ಪಾ ಒಪ್ಪೋದು ಬಿಡೋದು? ಇಕಿ ನಮ್ಮ ಮನಿ ಸೊಸಿ. ಒಪ್ಪೋದಿಲ್ಲ ಅನ್ನಾಂವ ನಾನು!" ಅಂದ.

"ನಮ್ಮ ಮನ್ಯಾಗ ಹುಟ್ಟಿದಾಕಿ ರೀ ಇಕಿ."

"ನಮ್ಮ ಮನಿಗಿ ಕೊಟ್ಟಾಗ್ಯಾದ."

ಇಬ್ಬರೂ ನನ್ನನ್ನು ತಡೆಯುವವರೇ. ಆದರೂ ತಡೆಯುವ ಮಾನ ಯಾರಿಗೆ ಸಲ್ಲಬೇಕು ಅಂತ ಜಗಳ ಕೊರಳಪಟ್ಟಿ ಹಿಡಿಯುವವರೆಗೆ ಬಂತು. ಒಳಗೆ ರೊಟ್ಟಿ ಬಡಿಯುತ್ತಿದ್ದ ನಮ್ಮವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಭಾಳ ಚಲೋ ಆತ್ರಿ," ಅಂದಳು, "ಇಷ್ಟ ದಿನ ನನ್ನ ಮಗಳಿಗಿ ಯಾರೂ ಇಲ್ಲ ಅಂತಿದ್ನಿ, ಇವತ್ತ ಇಬ್ಬರ ಹುಟ್ಟ್ಯಾರ. ಈಗ ಒಂದ ಮಾತ ಹೇಳ್ರಿ. ಇಕಿ ಯಾರಾಕಿನೋ ಅವರ ಮನ್ಯಾಗ ಇಕಿಗಿ ಕೂಳು, ಸೀರಿ, ಹೊಲದಾಗ ಪಾಲು. ಇವತ್ತಿನಿಂದಲೇ. ಇಕಿ ಯಾರಾಕಿ?"

ಮಾವ ಹೋಗಿ ಬಂಡಿಯ ಎತ್ತಿನ ಹಗ್ಗ ಹಿಡಿದುಕೊಂಡ. ಅಲ್ಲಿಂದಲೇ ಕೆಮ್ಮಿ, "ಎಷ್ಟಂದ್ರೂ ಹುಟ್ಟಿದ ಮನಿ ಹುಟ್ಟಿದ ಮನೀನೇ" ಅಂದ. ಅಣ್ಣ, "ಛೇ ಛೇ, ಕೊಟ್ಟ ಮ್ಯಾಲ ನಮ್ಮದೇನದ ರೀ" ಅಂದ.

ನಮ್ಮವ್ವ ನನ್ನ ಕಡೆ ತಿರುಗಿ ಹೇಳಿದಳು: "ಹೋಗವ್ವ, ಅರ್ಜಿ ಹಾಕು. ನಿನ್ನ ಹಿಡಿಯೋರೂ ಇಲ್ಲ, ಹಡದಾಕಿನ್ನ ಬಿಟ್ರ ಬಿಡೋರೂ ಇಲ್ಲ. ಇಬ್ಬರೂ ಬಾಯಾಗ ಹೆಬ್ಬಟ್ಟು ಇಟ್ಕೊಂಡಾರ, ಮಸಿ ಹಚ್ಚಿ ಒತ್ತಿಸ್ಕೋ!"

ನಡತೆಗೆ ಸಾಕ್ಷಿ

ಅರ್ಜಿಯ ಜೊತೆಗೆ ಹುಡುಗಿಯ ನಡತೆ ಒಳ್ಳೆಯದು ಅಂತ ಸರಕಾರದವರು ಬರೆದುಕೊಡಬೇಕಿತ್ತು. ಡಾಕ್ಟರು ಆಗಲು ಹೊರಟ ಗಂಡಸರಿಗೂ ಇದು ಇತ್ತೋ ಇಲ್ಲವೋ ನಾನರಿಯೆ. ಇದ್ದಿದ್ದರೆ ನಮ್ಮ ಕಡೆ ಡಾಕ್ಟರು ಇನ್ನೂ ಕಡಿಮೆ ಇರುತ್ತಿದ್ದರು.

ನಾನೂ ನಮ್ಮವ್ವನೂ ಕಚೇರಿಗೆ ಹೋದೆವು. ಯಾವ ಕಚೇರಿ ಅಂತ ಹೇಳುವುದಿಲ್ಲ. ಅಲ್ಲಿ ಕಾಗದಪತ್ರ ನೋಡುವ ಪೇಶ್ಕಾರ ಸಾಹೇಬರದು ಎತ್ತರದ ಟೋಪಿ, ಕಿವಿಯಲ್ಲಿ ಅತ್ತರಿನ ಹತ್ತಿ. ನನ್ನನ್ನು ನೋಡಿದವರೇ ಮುಖ ಗಂಟು ಹಾಕಿದರು.

"ಶರೀಫ್ ಮನೆತನದ ಹೆಣ್ಣಮಕ್ಕಳು ಕಚೇರಿಗೆ ಬರ್ತಾರೇನು?"

"ಬರೂದಿಲ್ರಿ. ಆದ್ರ ಶರೀಫ್ ಅಂತ ಬರಸ್ಕೊಳ್ಳಾಕ ಬರಬೇಕಾಗ್ಯಾದ್ರಿ."

"ನೀ ಬರಬಾರ್ದಾಗಿತ್ತು."

"ಹಂಗಾದ್ರ ಹೋಗ್ತೇನ್ರಿ, ಬರದು ಮನಿಗಿ ಕಳಿಸ್ರಿ."

"ನೀ ಇಲ್ಲದ ಹ್ಯಾಂಗ ಬರೀಲಿ? ಖುದ್ದ ಹಾಜರಿರಬೇಕು. ಕಾಯ್ದಾ ಅದ."

ಬಂದರೆ ನಡತೆ ಕೆಟ್ಟದ್ದು, ಬರದಿದ್ದರೆ ಕಾಗದ ಇಲ್ಲ. ಪೇಶ್ಕಾರರು ಮುಂದುವರಿದರು. "ಇಬ್ಬರು ಗೌರವಸ್ಥ ಗಂಡಸರು ಬಂದು ಸಾಕ್ಷಿ ಹೇಳ್ಬೇಕು. ಸಂಬಂಧಿಕರು ಇರಬಾರದು. ನಿನ್ನನ್ನ ಚಲೋತ್ನಾಗಿ ಬಲ್ಲವರು ಇರಬೇಕು."

ನನಗೆ ಎಲ್ಲಿಂದ ಧೈರ್ಯ ಬಂತೋ. "ಸಾಹೇಬ್ರ," ಅಂದೆ, "ನನ್ನ ಸಂಬಂಧಿಕರಲ್ಲ, ಗಂಡಸರು, ನನ್ನನ್ನ ಚಲೋತ್ನಾಗಿ ಬಲ್ಲವರು. ಅಂಥವರು ಇಬ್ಬರು ಸಿಕ್ರ ನನ್ನ ನಡತಿ ಒಳ್ಳೇದು ಅಂತ ನೀವು ಹ್ಯಾಂಗ ಬರೀತೀರಿ?"

ಪೇಶ್ಕಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಟೋಪಿ ಹಾಕಿಕೊಂಡು, ಎದ್ದು ಒಳಗೆ ದೊಡ್ಡ ಸಾಹೇಬರ ಕೋಣೆಗೆ ಹೋದರು. ಒಳಗಿನಿಂದ ಬಹಳ ಹೊತ್ತು ಯಾರೋ ನಗುವುದು ಕೇಳಿಸಿತು. ಹೊರಗೆ ಬಂದು, ನನ್ನ ಕಡೆ ನೋಡದೆ, ಒಂದು ಕಾಗದ ಮುಂದೆ ನೂಕಿದರು. ಚೆಂದದ ಉರ್ದು ಅಕ್ಷರ, ಕೆಳಗೆ ಮೊಹರು. ಒಕ್ಕಣೆ ಇಷ್ಟೇ ಇತ್ತು:

"ಈ ಸ್ತ್ರೀಯ ಬಗ್ಗೆ ಯಾರಿಗೂ ಏನೂ ಗೊತ್ತಿರುವುದಿಲ್ಲ. ಆದ ಕಾರಣ ನಡತೆ ಉತ್ತಮ."

ಮೂರ್ಛೆ ಹೋದವರು

ಸಂದರ್ಶನಕ್ಕೆ ದವಾಖಾನೆಯ ಡಾಕ್ಟರಮ್ಮ ಕೂತಿದ್ದರು. ಮದ್ರಾಸಿನ ಕಡೆಯವರು, ಮಾತು ಕಡಿಮೆ, ಕಣ್ಣು ಜಾಸ್ತಿ. ಅವರ ಪಕ್ಕದಲ್ಲಿ ಊರಿನ ಒಬ್ಬ ಸಾಹುಕಾರರು. ದವಾಖಾನೆಗೆ ಒಂದು ಕೋಣೆ ಕಟ್ಟಿಸಿಕೊಟ್ಟಿದ್ದರಂತೆ, ಅದಕ್ಕೆ ಪ್ರಶ್ನೆ ಕೇಳುವ ಹಕ್ಕು ಬಂದಿತ್ತು. ಕೋಣೆ ಕಟ್ಟಿಸಿದವರಿಗೆ ರೋಗದ ಬಗ್ಗೆ ತಿಳಿಯುತ್ತದೆ ಅನ್ನುವುದಾದರೆ ಗೋಡೆ ಎಬ್ಬಿಸಿದ ಗವಂಡಿಯನ್ನೂ ಕೂರಿಸಬೇಕಾಗಿತ್ತು.

"ಹೆಣ ನೋಡಿದ್ರ ಅಂಜ್ತೀಯೇನು?" ಸಾಹುಕಾರರ ಮೊದಲ ಪ್ರಶ್ನೆ.

"ಇಲ್ರಿ. ಸತ್ತವರಿಂದ ನನಗ ಇಲ್ಲಿತನಕ ಏನೂ ತ್ರಾಸ ಆಗಿಲ್ರಿ."

ಡಾಕ್ಟರಮ್ಮನ ತುಟಿ ಸ್ವಲ್ಪ ಅಲುಗಿತು. ಸಾಹುಕಾರರಿಗೆ ಅದು ಸೇರಲಿಲ್ಲ. ಅವರು ಕುರ್ಚಿಯಲ್ಲಿ ಹಿಂದೆ ಒರಗಿ, ನನ್ನನ್ನು ಬಿಟ್ಟು ಡಾಕ್ಟರಮ್ಮನಿಗೇ ಉಪದೇಶ ಶುರು ಮಾಡಿದರು. "ಹೆಣ್ಣಿನ ಜಾತಿ ಅಂದ್ರ ನಾಜೂಕು ರೀ. ರಕ್ತ ಕಂಡ್ರ ಸಾಕು, ಮೂರ್ಛಿ. ನಾವು ಗಂಡಸರು ಬಿಡ್ರಿ, ಎದಿ ಗಟ್ಟಿ. ಇವರು ಆಪರೇಷನ್ ಕೋಣ್ಯಾಗ ಬಿದ್ರ ರೋಗೀನ್ನ ಎತ್ತಬೇಕೋ ಇವರನ್ನ ಎತ್ತಬೇಕೋ?"

ರೊಟ್ಟಿ ಬಡಿದು, ಕುಡಗೋಲು ಹಿಡಿದು, ಬೆರಳು ಕೊಯ್ದುಕೊಂಡು, ಅದಕ್ಕೆ ಅರಿಷಿಣ ಒತ್ತಿ ಮತ್ತೆ ಕುಡಗೋಲು ಹಿಡಿಯುವ ಹೆಂಗಸರ ನಡುವೆ ಬೆಳೆದವಳು ನಾನು. ನನಗೆ ತಡೆಯಲಾಗಲಿಲ್ಲ.

"ಒಂದ ಮಾತ ಕೇಳ್ಲೇನ್ರಿ? ನೀವು ಹುಟ್ಟಿದಾಗ ಆ ಕೋಣ್ಯಾಗ ಯಾರ್ಯಾರು ಇದ್ರು ರೀ?"

"ಯಾರಿರ್ತಾರ? ನಮ್ಮವ್ವ, ನಮ್ಮಜ್ಜಿ, ಸೂಲಗಿತ್ತಿ. ಎಲ್ಲಾ ಹೆಂಗಸರೇ."

"ಅಷ್ಟ ಮಂದಿಯೊಳಗ ಯಾರು ಮೂರ್ಛಿ ಹೋಗಿದ್ರು ರೀ?"

ಸಾಹುಕಾರರು ದೊಡ್ಡ ಮನುಷ್ಯರಾದರೂ ಸುಳ್ಳು ಹೇಳುವವರಲ್ಲ, ಅದನ್ನು ಒಪ್ಪಬೇಕು. ಕಣ್ಣು ಮುಚ್ಚಿ ಯೋಚನೆ ಮಾಡಿದರು. ಮನೆಯಲ್ಲಿ ಕೇಳಿದ ಹಳೆಯ ಸುದ್ದಿ ಏನೋ ನೆನಪಾಯಿತು. ಧ್ವನಿ ಸಣ್ಣದಾಯಿತು.

"ನಮ್ಮಪ್ಪ," ಅಂದರು. "ಹೊರಗ, ಕಟ್ಟಿ ಮ್ಯಾಲ."

ಪರದೆಯ ಪಾಠ

ಸೇರಿದೆವು. ನಾವು ನಾಲ್ವರು: ನಾನು, ಬೀದರಿನ ಕೋಟೆಯ ಹತ್ತಿರದ ಒಬ್ಬ ಮುಸಲ್ಮಾನ ಹುಡುಗಿ, ಮಿಷನ್ ಸಾಲಿಯಲ್ಲಿ ಓದಿದ ಒಬ್ಬ ಕಿರಿಸ್ತಾನ ಹುಡುಗಿ, ಗಂಡ ಬಿಟ್ಟ ಒಬ್ಬ ಮರಾಠಿ ಹೆಣ್ಣುಮಗಳು.

ಶರೀರಶಾಸ್ತ್ರದ ಪಾಠಕ್ಕೆ ಹೆಣ್ಣು ಮಾಸ್ತರರು ಸಿಗಲಿಲ್ಲ. ವಯಸ್ಸಾದ ಒಬ್ಬ ಡಾಕ್ಟರ ಸಾಹೇಬರನ್ನು ಗೊತ್ತು ಮಾಡಿದರು. ಬಹಳ ಒಳ್ಳೆಯವರು, ಅದಕ್ಕಿಂತ ಬಹಳ ನಾಚಿಕೆಯವರು. ಪರಹೆಂಗಸರ ಎದುರು ಮೈಯ ಮಾತು ಆಡುವುದು ಹೇಗೆ ಅಂತ ಕೋಣೆಯ ನಡುವೆ ದಪ್ಪನೆಯ ಒಂದು ಪರದೆ ಕಟ್ಟಿಸಿದರು. ಈ ಕಡೆ ನಾವು. ಆ ಕಡೆ ಅವರು, ಗೋಡೆಗೆ ಮನುಷ್ಯನ ಮೈಯ ದೊಡ್ಡ ಚಿತ್ರಪಟ, ಅವರ ಕೈಯಲ್ಲಿ ಒಂದು ಬೆತ್ತ.

"ಇದು ನೋಡಿ, ಹೃದಯ," ಅನ್ನುತ್ತಿದ್ದರು. ಬೆತ್ತ ಪಟಕ್ಕೆ ಬಡಿಯುವ ಸದ್ದು, ಟಪ್. "ಇದು ಪುಪ್ಪುಸ." ಟಪ್. "ಎರಡೂ ಕಡೆ ಇರುತ್ತದೆ." ಟಪ್, ಟಪ್. "ತಿಳೀತೇ?"

"ತಿಳೀತ್ರಿ."

ಕಾಣುತ್ತಿದ್ದದ್ದು ಪರದೆಯ ಮೇಲಿನ ಹೂವು ಮಾತ್ರ. ನಾನು ಒಮ್ಮೆ ಎದ್ದು, "ಸಾಹೇಬ್ರ, ಪಟ ನಮ್ಮ ಕಡಿಗಿ ಇಟ್ರ ಹ್ಯಾಂಗ್ರಿ?" ಅಂದೆ. ಪರದೆಯ ಆಚೆ ಸಾಹೇಬರು ಗಾಬರಿಯಾದರು. "ತೋಬಾ! ಪಟದಲ್ಲಿರುವುದು ಗಂಡಸು, ಬೇಟಿ. ಮೈಮೇಲೆ ಚರ್ಮ ಕೂಡ ಇಲ್ಲ!"

ಹೀಗೆ ತಲೆಯಿಂದ ಹೊಟ್ಟೆಯವರೆಗೆ ಟಪ್ ಟಪ್ ಅಂತ ಇಳಿದು ಬಂದೆವು. ಹೊಟ್ಟೆ ಮುಗಿದ ದಿನ ಬೆತ್ತ ನಿಂತಿತು. "ಮುಂದಿನದು..." ಅಂದರು. "ಮುಂದಿನದು ಖುದಾ ನೋಡಿಕೊಳ್ಳುತ್ತಾನೆ. ನಾಳೆ ಮೊಣಕಾಲಿನಿಂದ." ಹೆರಿಗೆ ಮಾಡಿಸಲು ಕಲಿಯಬೇಕಾದ ಹುಡುಗಿಯರಿಗೆ ಹೊಕ್ಕಳದಿಂದ ಮೊಣಕಾಲಿಗೆ ಜಿಗಿಸಿದ ಪಾಠ ಅದು! ಈಗ ನಗು ಬರುತ್ತದೆ, ಆಗ ಹೊಟ್ಟೆ ಉರಿದಿತ್ತು. ಹೊಟ್ಟೆ ಎಲ್ಲಿದೆ ಅನ್ನುವುದಾದರೂ ಅಷ್ಟರಲ್ಲಿ ತಿಳಿದಿತ್ತು.

ಒಂದು ದಿನ ಡಾಕ್ಟರಮ್ಮ ಎಷ್ಟು ಕಲಿತಿದ್ದಾರೆ ನೋಡೋಣ ಅಂತ ವಾರ್ಡಿನಲ್ಲಿ ನಮ್ಮನ್ನು ನಿಲ್ಲಿಸಿ ಕೇಳಿದರು. ಕೋಟೆ ಕಡೆಯ ಹುಡುಗಿ ನಮ್ಮೆಲ್ಲರಿಗಿಂತ ಜಾಣೆ, ಪಾಠದ ಒಂದು ಅಕ್ಷರ ಮರೆಯುತ್ತಿರಲಿಲ್ಲ.

"ಮನುಷ್ಯನಿಗೆ ಯಕೃತ್ತು ಎಲ್ಲಿರುತ್ತದೆ?"

ಆಕೆ ಎದೆಯುಬ್ಬಿಸಿ ಹೇಳಿದಳು: "ಪರದಾ ಹಿಂದ್ರಿ."

ಮರುದಿನ ಪರದೆ ಇರಲಿಲ್ಲ. ಡಾಕ್ಟರಮ್ಮನೇ ಬೆತ್ತ ಹಿಡಿದು ನಿಂತಿದ್ದರು, ಮೊಣಕಾಲಿಗಿಂತ ಮೇಲಿನಿಂದ ಶುರು ಮಾಡಿದರು.

ಹಿರಿಯರು ಮೊದಲು

ಚಿಂತಾಕಿ ಅನ್ನುವ ಊರಿನ ಒಬ್ಬ ಸೊಸೆ ನಮ್ಮಲ್ಲಿಗೆ ಬರುತ್ತಿದ್ದಳು. ಮೈಯಲ್ಲಿ ರಕ್ತವಿಲ್ಲದೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದಳು. ಡಾಕ್ಟರಮ್ಮ ಟಾನಿಕ್ಕಿನ ಬಾಟಲಿ ಕೊಟ್ಟರು. ಬಾಟಲಿ ಮುಗಿಸಿ ಬಂದಳು, ಮತ್ತೂ ಬಿಳಿಚಿಕೊಂಡಿದ್ದಳು. ಮತ್ತೊಂದು ಬಾಟಲಿ. ಇನ್ನೂ ಬಿಳಿ. ಜೊತೆಗೆ ಬರುತ್ತಿದ್ದ ಅತ್ತೆಯ ಕೆನ್ನೆ ಮಾತ್ರ ಟಮಾಟಿ ಆಗುತ್ತಿತ್ತು.

"ಔಷಧ ಯಾರು ಕುಡೀತಾರ?" ನಾನು ಗದರಿಸಿ ಕೇಳಿದೆ.

ಅತ್ತೆಗೆ ನಾಚಿಕೆಯೇ ಇಲ್ಲ. "ನಾ ಕುಡೀತೇನಿ. ಮನ್ಯಾಗ ಹಿರ್ಯಾರ ಬಾಯಿಗಿ ಬೀಳೂದ್ಕಿಂತ ಮೊದಲು ಸೊಸಿ ಬಾಯಿಗಿ ಬೀಳ್ತದೇನು? ನಾ ಕುಡದು ಉಳದ್ರ ಇಕಿಗಿ. ಉಳ್ಯೂದೇ ಇಲ್ಲ, ಏನ್ ಮಾಡ್ಲಿ?"

ನಾನು ಕೂಗಾಡಲು ಹೊರಟಿದ್ದೆ. ಡಾಕ್ಟರಮ್ಮ ಕೈ ತೋರಿಸಿ ತಡೆದರು. ಒಳಗೆ ಹೋಗಿ, ಅದೇ ಥರದ ಬಾಟಲಿಯೊಂದರಲ್ಲಿ ಭೇದಿ ಹತ್ತಿಸುವ ಔಡಲೆಣ್ಣೆ ತುಂಬಿ ತಂದು, "ಇದು ಹೆಚ್ಚಿನ ಶಕ್ತಿಯದು" ಅಂತ ಅತ್ತೆಯ ಕೈಗೇ ಕೊಟ್ಟರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಸೊಸೆಯ ಖರೇ ಔಷಧವನ್ನು ನಾನು ಅವಳ ಸೆರಗಿನೊಳಗೆ ಇಟ್ಟೆ.

ಮುಂದಿನ ಸಲ ಬಂದಾಗ ಸೊಸೆಯ ತುಟಿಗೆ ಬಣ್ಣ ಬಂದಿತ್ತು. ಅತ್ತೆ ಗೋಡೆ ಹಿಡಿದು ನಡೆಯುತ್ತಿದ್ದಳು. ಸಾಲಿನಲ್ಲಿ ಕೂತಿದ್ದ ಹೆಂಗಸರಿಗೆಲ್ಲ ಬುದ್ಧಿ ಹೇಳುತ್ತಿದ್ದಳು: "ಯವ್ವಾ, ಔಷಧ ಅನ್ನೋದು ರೋಗ ಇದ್ದಾಕಿನೇ ಕುಡೀಬೇಕು ನೋಡ್ರಿ. ಈಗಿನ ಅತ್ತೇರಿಗಿ ಇಷ್ಟೂ ತಿಳ್ಯೂದಿಲ್ಲ."

ಬಾವಿಕಟ್ಟೆ

ನಾವು ನಾಲ್ವರು ಇದ್ದ ಮನೆಗೆ ಬಾವಿ ಇರಲಿಲ್ಲ. ಪಕ್ಕದ ದೊಡ್ಡ ಮನೆಯಲ್ಲಿ, ವಾಡೆಯಲ್ಲಿ, ಇತ್ತು. ವಾಡೆಯ ಯಜಮಾನಿ ದಪ್ಪ ಮೈಯ, ದಪ್ಪ ಧ್ವನಿಯ ಹಿರಿಯಳು. ನಮ್ಮ ಕೊಡ ಕಂಡಳೋ ಇಲ್ಲವೋ ಕಟ್ಟೆಗೆ ಅಡ್ಡ ನಿಂತಳು.

"ನೀವು ಸಿಕ್ಕಸಿಕ್ಕವರನ್ನ ಮುಟ್ಟೋರು. ಹೊಲಿಗೇರಿಯವರನ್ನ ಮುಟ್ತೀರಿ, ತುರಕರನ್ನ ಮುಟ್ತೀರಿ, ಹೆಣಾ ಮುಟ್ತೀರಿ. ನನ್ನ ಬಾವಿ ಹಗ್ಗ ಮುಟ್ಟಬ್ಯಾಡ್ರಿ."

ಜಾತಿ ಇಲ್ಲ, ಮೈಲಿಗೆ ಇಲ್ಲ ಅಂತ ಶರಣರು ಸಾರಿ ಹೇಳಿದ ನಾಡು ನಮ್ಮದು. ಈ ಯಜಮಾನಿಯೂ ದಿನಾ ಲಿಂಗಪೂಜೆ ಮಾಡಿ ಅದೇ ಶರಣರ ಹೆಸರು ಹೇಳುವವಳು. ಆ ಮಾತು ಅವಳ ಬಾವಿಗೆ ಮಾತ್ರ ಇನ್ನೂ ಮುಟ್ಟಿರಲಿಲ್ಲ, ಬಹಳ ಆಳದ ಬಾವಿ. ಆ ಬೇಸಿಗೆಯೆಲ್ಲ ನಾವು ಊರ ನಡುವಿನ ಚೌಬಾರದ ಗೋಪುರದ ಆಚೆಯಿಂದ ನೀರು ಹೊತ್ತೆವು. ನನ್ನ ಕುತ್ತಿಗೆ ಇವತ್ತಿಗೂ ಆ ಕಡೆ ವಾಲುತ್ತದೆ.

ಒಂದು ಮಧ್ಯಾಹ್ನ ಗೋಡೆಯ ಆಚೆಯಿಂದ ಅದೇ ದಪ್ಪ ಧ್ವನಿ ಕೇಳಿತು, ಈ ಸಲ ಒಡೆದು ಹೋಗಿತ್ತು. "ಯವ್ವಾ, ಯಾರರೆ ಬರ್ರಿ! ಸೊಸಿಗಿ ಬ್ಯಾನಿ ಬಂದು ಭಾಳ ಹೊತ್ತಾತು. ಕೂಸಿನ ಕಾಲು ಮುಂದ ಬಂದಾದ!"

ಡಾಕ್ಟರಮ್ಮನಿಗೆ ಹೇಳಿ ಕಳಿಸಿ, ನಾನೂ ಕಿರಿಸ್ತಾನ ಹುಡುಗಿಯೂ ಓಡಿದೆವು. ಹೊಸ್ತಿಲಲ್ಲಿ ನಿಂತು ನಾನು ಕೇಳಿಯೇಬಿಟ್ಟೆ, "ಒಳಗ ಬರಬಹುದೇನ್ರಿ? ನಾವು ಸಿಕ್ಕಸಿಕ್ಕವರನ್ನ ಮುಟ್ಟೋರು." ಕೇಳಬಾರದಾಗಿತ್ತು, ಕೇಳಿದೆ. ಯಜಮಾನಿ ಎರಡೂ ಕೈಯಿಂದ ನಮ್ಮನ್ನು ಒಳಗೆ ಎಳೆದುಕೊಂಡಳು. ಇನ್ನೊಂದು ಮಾತು. ನಾನು ಗಂಡ ಸತ್ತವಳು ಅಂತ ಆ ಓಣಿಗೆಲ್ಲ ಗೊತ್ತು. ಮದುವೆಗೆ ಎದುರು ಬರಬೇಡ ಅನ್ನುವವರು, ಹೆರಿಗೆಗೆ ಎದುರಿಗೇ ನಿಂತಿರು ಅನ್ನುತ್ತಾರೆ. ನನ್ನ ಅಪಶಕುನಕ್ಕೂ ಹೊತ್ತು ಗೊತ್ತು ಇದೆ ಅಂತ ಆಗ ತಿಳಿಯಿತು.

ಡಾಕ್ಟರಮ್ಮ ಬಂದು ಸೇರುವಷ್ಟರಲ್ಲಿ ನಮ್ಮ ಜೀವ ಬಾಯಿಗೆ ಬಂದಿತ್ತು. ಕೂಸು ನೀಲಿಯಾಗಿ ಬಂತು. ಕಿರಿಸ್ತಾನ ಹುಡುಗಿ ಅದನ್ನು ಮೊದಲು ಎತ್ತಿಕೊಂಡು ಬಾಯಿ ಒರೆಸಿದಳು, ಬೆನ್ನು ತಿಕ್ಕಿದಳು, ಉಸಿರು ಊದಿದಳು. ಅದು ಕಡೆಗೂ ಅತ್ತಿತು. ನಾವೂ ಅತ್ತೆವು. ಯಜಮಾನಿಯೂ ಅತ್ತಳು.

ಅತ್ತು ಮುಗಿಸಿ ಅವಳು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಬಾವಿಯಿಂದ ನೀರು ಸೇದಿಸಿ, ಗೋಮೂತ್ರ ಬೆರೆಸಿ, ನಾವು ನಿಂತ ಜಾಗ, ಕೂತ ಮಣೆ, ಹಿಡಿದ ಬಾಗಿಲು, ಎಲ್ಲಕ್ಕೂ ಚಿಮುಕಿಸತೊಡಗಿದಳು. ನನ್ನ ಮೈಯೆಲ್ಲ ಉರಿಯಿತು.

"ಎಲ್ಲಾ ತೊಳೀರಿ," ಅಂದೆ. "ಆದ್ರ ನಿಮ್ಮ ಮೊಮ್ಮಗನ್ನ ನಿಮಗಿಂತ ಮೊದಲು ಮುಟ್ಟಿದಾಕಿ ಇಕಿ. ತನ್ನ ಉಸಿರು ಅವನ ಬಾಯಾಗ ಊದ್ಯಾಳ. ಅದನ್ನ ಹ್ಯಾಂಗ ತೊಳೀತೀರಿ?"

ಯಜಮಾನಿಯ ಕೈ ನಿಂತಿತು. ಕೂಸನ್ನು ನೋಡಿದಳು, ಕಿರಿಸ್ತಾನ ಹುಡುಗಿಯನ್ನು ನೋಡಿದಳು, ಚೊಂಬು ನೋಡಿದಳು. ಬಹಳ ಯೋಚಿಸಿ ತೀರ್ಪು ಕೊಟ್ಟಳು:

"ಅಂವ ಗಂಡಸು. ಗಂಡಸಿಗಿ ಮೈಲಿಗಿ ಹತ್ತೂದಿಲ್ಲ."

ನಾನು ರೋಗಿಯನ್ನು ತಿಂದದ್ದು

ಕೊನೆಯ ಪರೀಕ್ಷೆ ಮಾಡಲು ಹೈದರಾಬಾದಿನಿಂದ ಒಬ್ಬ ಮೇಮ್‌ಸಾಹೇಬರು ಬಂದರು. ನೀಲಿ ಕಣ್ಣು, ನೆಟ್ಟಗಿನ ಬೆನ್ನು. ಅವರಿಗೆ ಇಂಗ್ಲಿಷು ಬಿಟ್ಟು ಬೇರೆ ಮಾತು ಬಾರದು. ನಮಗೆ ಕಲಿಸಿದವರು ಒಳಗಿರಬಾರದು ಅಂತ ಡಾಕ್ಟರಮ್ಮನನ್ನು ಹೊರಗೆ ಕಳಿಸಿದರು. ಕೇಳಿದ್ದಕ್ಕಲ್ಲದೆ ಪರೀಕ್ಷೆಗೆ ನಿಂತವಳು ಬಾಯಿ ಬಿಡಬಾರದು ಅನ್ನುವುದು ಇನ್ನೊಂದು ಕಟ್ಟಳೆ.

ನನ್ನ ಪಾಲಿಗೆ ಬಂದ ರೋಗಿ ಬಗದಲ ಊರಿನ ಒಬ್ಬ ಅಜ್ಜಿ. ಎದೆಯಲ್ಲಿ ಕಫ ಕಟ್ಟಿ, ಇನ್ನು ಮಣ್ಣಿಗೆ ಸೈ ಅಂತ ಮನೆಯವರು ತಂದು ಹಾಕಿದ್ದರು. ನಾನು ಅವಳನ್ನು ಮಲಗಲು ಬಿಡುತ್ತಿರಲಿಲ್ಲ. ಕೂಡಿಸಿ, ಕೆಮ್ಮಿಸಿ, ಹೊರಳಿಸಿ, ಗಂಜಿ ಕುಡಿಸಿ ಎಬ್ಬಿಸಿದ್ದೆ. ಈಗ ದಿಂಬಿಗೆ ಒರಗಿ ಕೂತು ಎಲ್ಲರಿಗೂ ಬುದ್ಧಿ ಹೇಳುವಷ್ಟು ಗಟ್ಟಿಯಾಗಿದ್ದಳು.

ಹಾಸಿಗೆ ಬದಲಿಸಿದೆ, ಮೈ ಒ‌ರೆಸಿದೆ, ನಾಡಿ ಎಣಿಸಿದೆ. ಮೇಮ್‌ಸಾಹೇಬರು ತಲೆ ಆಡಿಸುತ್ತಿದ್ದರು. ಎಲ್ಲ ಸುಸೂತ್ರ. ಆಗ ಅವರಿಗೆ ಒಂದು ಆಸೆ ಹುಟ್ಟಿತು. ಈ ಹುಡುಗಿ ಹೇಗೆ ನೋಡಿಕೊಂಡಳು ಅಂತ ರೋಗಿಯ ಬಾಯಿಂದಲೇ ಕೇಳಬೇಕು.

ಅಜ್ಜಿಗೆ ಬರುವುದು ಕನ್ನಡ ಒಂದೇ. ವಾರ್ಡಿನ ಆಯಾಗೆ ಕನ್ನಡ, ಉರ್ದು ಎರಡೂ ಬರುತ್ತಿತ್ತು. ದವಾಖಾನೆಯ ಗುಮಾಸ್ತನಿಗೆ ಉರ್ದು, ಇಂಗ್ಲಿಷು ಬರುತ್ತಿತ್ತು. ತನ್ನ ಇಂಗ್ಲಿಷಿನ ಮೇಲೆ ಅವನಿಗೆ ಬಹಳ ಪ್ರೀತಿ. ಹೀಗೆ ಸಾಲಾಗಿ ನಿಲ್ಲಿಸಿದರು. ಮೇಮ್‌ಸಾಹೇಬರು ಗುಮಾಸ್ತನಿಗೆ, ಗುಮಾಸ್ತ ಆಯಾಗೆ, ಆಯಾ ಅಜ್ಜಿಗೆ ಪ್ರಶ್ನೆ ದಾಟಿಸಿದರು.

ಅಜ್ಜಿ ನನ್ನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು. "ಏನ್ ಹೇಳ್ಲೆವ್ವ! ಇಕಿ ನನ್ನ ಜೀವಾ ತಿಂದಾಳ. ದಿನಾ ತಿಂದಾಳ. ಏಳು ಅಂತಾಳ, ಕೂಡು ಅಂತಾಳ, ಕೆಮ್ಮು ಅಂತಾಳ, ಕುಡಿ ಅಂತಾಳ. ಹಿಂಗ ಜೀವಾ ತಿಂದು ತಿಂದೇ ನನ್ನ ಬದುಕಿಸ್ಯಾಳ. ಹೊಟ್ಟ್ಯಾಗ ಹುಟ್ಟಿದ ಮಗಳೂ ಇಷ್ಟು ಮಾಡೂದಿಲ್ಲ."

ಆದರೆ ಉದ್ದ ಮಾತು ಅಂದರೆ ಆಯಾಗೆ ಆಗಿಬರುತ್ತಿರಲಿಲ್ಲ. ಅವಳು ಗುಮಾಸ್ತನಿಗೆ ಉರ್ದುವಿನಲ್ಲಿ ಚಿಕ್ಕದಾಗಿ ಹೇಳಿದಳು: "ರೋಜ್ ಜಾನ್ ಖಾತೀ ಬೋಲ್ತೀ." ದಿನಾ ಜೀವ ತಿನ್ನುತ್ತಾಳಂತೆ, ಇಷ್ಟೇ.

ಗುಮಾಸ್ತ ಕೋಟಿನ ಗುಂಡಿ ಹಾಕಿಕೊಂಡು, ಒಂದೊಂದೇ ಅಕ್ಷರ ತೂಗಿ, ಇಂಗ್ಲಿಷಿನಲ್ಲಿ ಹೇಳಿದ: "ಮೇಡಂ, ದಿಸ್ ನರ್ಸ್ ಈಸ್ ಈಟಿಂಗ್ ದಿ ಪೇಷಂಟ್."

ಮೇಮ್‌ಸಾಹೇಬರ ಪೆನ್ನು ನಿಂತಿತು. "ಈಟಿಂಗ್?"

"ಯೆಸ್ ಮೇಡಂ. ಡೈಲಿ."

ಮೂರು ವರ್ಷ ಕಲಿತ ಇಂಗ್ಲಿಷಿನಲ್ಲಿ ಅಷ್ಟು ನನಗೆ ತಿಳಿಯುತ್ತಿತ್ತು. ಬಾಯಿ ಬಿಡುವ ಹಾಗಿಲ್ಲ. ಮೇಮ್‌ಸಾಹೇಬರು ಅಜ್ಜಿಯನ್ನು ಒಮ್ಮೆ, ನನ್ನ ಹಲ್ಲುಗಳನ್ನು ಒಮ್ಮೆ ನೋಡಿ, "ಏನು ತಿಂದಳು ಕೇಳಿ" ಅಂದರು. ಪ್ರಶ್ನೆ ಮತ್ತೆ ಗುಮಾಸ್ತನಿಂದ ಆಯಾಗೆ, ಆಯಾನಿಂದ ಅಜ್ಜಿಗೆ ಇಳಿಯಿತು.

ಅಜ್ಜಿ ಕೆಂಡವಾದಳು. "ಇಕಿ ಏನ್ ತಿಂತಾಳ, ಪಾಪ? ತಿನ್ನಾಂವ ಆ ಅಡಗಿ ಮಾಡಾಂವ! ನನ್ನ ಪಾಲಿನ ಹಾಲು, ಸಕ್ರಿ, ತುಪ್ಪ, ಎಲ್ಲಾ ಅವನ ಹೊಟ್ಟಿಗಿ. ಹೇಳು ಅವರಿಗಿ, ಎಲ್ಲಾ ಹೇಳು!"

ಅಡುಗೆಯವನು ಆಯಾಳ ಸ್ವಂತ ತಮ್ಮ. ಅವಳು ನಗುನಗುತ್ತ, ಊಟ ಬಹಳ ರುಚಿಯಂತೆ ಅಂತ ಗುಮಾಸ್ತನಿಗೆ ಹೇಳಿದಳು: "ಸಬ್ ಅಚ್ಛಾ ಹೈ ಬೋಲ್ತೀ. ಖಾನಾ ಬಹುತ್ ಮಜೇದಾರ್."

ಗುಮಾಸ್ತ ಮೇಮ್‌ಸಾಹೇಬರ ಕಡೆ ಬಾಗಿದ: "ಪೇಷಂಟ್ ಸೇಸ್, ವೆರಿ ಟೇಸ್ಟಿ."

ಮೇಮ್‌ಸಾಹೇಬರು ಕುರ್ಚಿ ಬಿಟ್ಟು ಎದ್ದರು. ಪೆನ್ನಿನ ಮುಚ್ಚಳ ಹಾಕಿದರು. ಮುಗಿಯಿತು ನನ್ನ ಕಥೆ! ಅಣ್ಣನ ಮೀಸೆ, ಪೇಶ್ಕಾರರ ಟೋಪಿ, ಪರದೆ, ಬಾವಿ ಎಲ್ಲ ದಾಟಿ ಬಂದವಳು ಈಗ ಆಯಾಳ ತಮ್ಮನ ತುಪ್ಪದಲ್ಲಿ ಜಾರಿ ಬೀಳುವುದೇ? ಸಿಟ್ಟು ನೆತ್ತಿಗೇರಿತು. ಕಟ್ಟಳೆ ಹಾಳಾಗಿ ಹೋಗಲಿ ಅಂತ ಅಜ್ಜಿಯ ಕಂಬಳಿಯನ್ನು ಒಂದೇ ಏಟಿಗೆ ಕಿತ್ತೆಸೆದೆ. ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಕೂಗಿದೆ:

"ಮೇಡಂ! ಕೌಂಟ್! ಟೂ ಹ್ಯಾಂಡ್ಸ್! ಟೂ ಲೆಗ್ಸ್! ಪೇಷಂಟ್ ಫುಲ್! ನಥಿಂಗ್ ಈಟನ್!"

ಮೇಮ್‌ಸಾಹೇಬರು ಒಂದು ಕ್ಷಣ ಕಂಬದಂತೆ ನಿಂತರು. ಆಮೇಲೆ ಆ ನೆಟ್ಟಗಿನ ಬೆನ್ನು ಬಾಗಿತು. ನಕ್ಕರು, ಕಣ್ಣೊರೆಸಿಕೊಂಡರು, ಅಜ್ಜಿಯ ಹಾಸಿಗೆಯ ಮೇಲೆಯೇ ಕೂತು ಮತ್ತೆ ನಕ್ಕರು. ಅಷ್ಟಾದ ಮೇಲೂ ತಮ್ಮ ಕೆಲಸ ಬಿಡಲಿಲ್ಲ. ಅಜ್ಜಿಯ ಎದೆಗೆ ಕೊಳವೆ ಇಟ್ಟು ಕೇಳಿದರು, ಬೆನ್ನು ತಿರುಗಿಸಿ ಒಂದು ಹುಣ್ಣೂ ಇಲ್ಲ ಅಂತ ಕಂಡುಕೊಂಡರು. ಡಾಕ್ಟರಮ್ಮನನ್ನು ಒಳಗೆ ಕರೆಸಿ ನಡೆದದ್ದೆಲ್ಲ ಬಿಡಿಸಿ ಕೇಳಿದರು. ಹೋಗುವಾಗ ನನ್ನ ಕೈ ಕುಲುಕಿ, "ಪಾಸ್" ಅಂದರು. ಅದಕ್ಕೆ ಯಾವ ದುಭಾಷಿಯೂ ಬೇಕಾಗಲಿಲ್ಲ.

ಕೋಣೆ ಖಾಲಿಯಾದ ಮೇಲೆ ನಾನು ಅಜ್ಜಿಯ ಪಕ್ಕದಲ್ಲಿ ಕುಸಿದು ಕೂತೆ. ಅಜ್ಜಿ ಕೇಳಿದಳು, "ಪಾಸ್ ಆದಿಯೇನವ್ವ?"

"ಆದೆ ಅಜ್ಜಿ. ನಿನ್ನ ದಯಾ."

"ಚಲೋ ಆತು," ಅಂದಳು. ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು. "ಹಂಗಾದ್ರ ನಾಳಿಂದ ತಿನ್ಲಾಕ ಬ್ಯಾರೆ ಯಾರನ್ನರೆ ನೋಡ್ಕೋ. ನಂದು ಉಳದದ್ದು ಇಷ್ಟೇ ಇಷ್ಟು ಜೀವಾ. ಅದು ನನಗೇ ಬೇಕು."